ಫಾರ್ಮ್ಯಾಟ್ ಬೇಡ, ರೈಟ್ರೇ

ಪಾಳ್ಯದ ಹತ್ತಿರ ಹೆದ್ದಾರಿ ಬಿಟ್ಟು ತೋಟದ ರಸ್ತೆಗೆ ಇಳಿದ ಮೇಲೆ ಜೀಪು ಎರಡನೇ ಗೇರಿನಲ್ಲೇ ತೆವಳುತ್ತದೆ. ಆಷಾಢದ ಮಳೆ. ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿಯಿಂದ ನೀರು ಇಳಿಯುತ್ತಲೇ ಇದೆ. ಜೀಪಿನಿಂದ ಕೆಳಗಿಳಿಯುವ ಮೊದಲು ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿಕೊಳ್ಳಿ. ಕಣ ದಾಟಿ ಆಫೀಸಿನ ಬಾಗಿಲು ಮುಟ್ಟುವಷ್ಟರಲ್ಲಿ ಇಂಬಳ ಹತ್ತಿರುತ್ತದೆ.

ತೋಟದ ಆಫೀಸು ಎಂದರೆ ಒಂದೇ ಕೋಣೆ. ಮೂಲೆಯಲ್ಲಿ ಗೊಬ್ಬರದ ಮೂಟೆ, ಗೋಡೆಯ ಮೊಳೆಗೆ ಇಂಚು-ಸೆಂಟಿನಲ್ಲಿ ಬರೆದ ಮಳೆ ಲೆಕ್ಕದ ಪುಸ್ತಕ, ಕಿಟಕಿಯ ಪಕ್ಕ ವಿಂಡೋಸ್ 7 ಹಾಕಿದ ಹಳೇ ಡೆಸ್ಕ್‌ಟಾಪ್. ನೀವು ಆ ಸ್ಟೂಲಿನ ಮೇಲೆ ಕೂರಿ. ರೈಟರು ನಿಂತೇ ಇದ್ದಾರೆ.

‘ಏನೂ ಮಾಡ್ಲಿಲ್ಲ ಸಾರ್. ಸ್ಲೋ ಆಗಿತ್ತು. ವಿಡಿಯೋ ನೋಡ್ಕೊಂಡು ರಿಜಿಸ್ಟ್ರಿ ತೆಗ್ದೆ. ಯಾವ್ದೋ ಡಾಟ್ ಇಎಕ್ಸ್‌ಇ ಇತ್ತು, ವೈರಸ್ಸೇ ಇರ್ಬೇಕು ಅಂತ ಅದೊಂದನ್ನ ಡಿಲೀಟ್ ಮಾಡ್ದೆ. ನಾಳೆ ಬಟವಾಡೆ ಸಾರ್.’

ನಾನು ಸ್ವಿಚ್ ಒತ್ತುತ್ತೇನೆ. ಮೆಷಿನ್ ಚೆನ್ನಾಗಿಯೇ ಏಳುತ್ತದೆ. ರೈಟರು ಪಾಸ್‌ವರ್ಡ್ ಹೊಡೆಯುತ್ತಾರೆ. ‘ವೆಲ್‌ಕಮ್’ ಎನ್ನುತ್ತದೆ. ಮರುಕ್ಷಣ ‘ಲಾಗಿಂಗ್ ಆಫ್’. ಮತ್ತೆ ಪಾಸ್‌ವರ್ಡ್ ಕೇಳುತ್ತದೆ. ಇನ್ನೊಮ್ಮೆ ಹೊಡೆದರೂ ಅದೇ. ಒಳಗೆ ಬಿಟ್ಟುಕೊಳ್ಳುತ್ತದೆ, ಕಾಲಿಟ್ಟ ಕೂಡಲೇ ಹೊರಗೆ ಕಳಿಸುತ್ತದೆ.

ಈ ಲಕ್ಷಣ ಕಂಡರೆ ನನಗೆ ಅರ್ಧ ಧೈರ್ಯ ಬರುತ್ತದೆ. ಪಾಸ್‌ವರ್ಡ್ ಒಪ್ಪಿದ ಮೇಲೆ ವಿನ್‌ಲಾಗಾನ್ ಎಂಬ ಪ್ರೋಗ್ರಾಂ, ವಿಂಡೋಸಿನ ಸೆಟ್ಟಿಂಗುಗಳ ಪುಸ್ತಕವಾದ ರಿಜಿಸ್ಟ್ರಿಯಲ್ಲಿ ತನ್ನ ಹೆಸರಿನ ಕೀಯನ್ನು ತೆರೆದು, ಅಲ್ಲಿ ‘ಯೂಸರ್‌ಇನಿಟ್’ ಎಂಬ ಸಾಲನ್ನು ಓದುತ್ತದೆ. ಆ ಸಾಲು ತೋರಿಸುವ ಪ್ರೋಗ್ರಾಂ ಎದ್ದು ಡೆಸ್ಕ್‌ಟಾಪನ್ನು ಎಬ್ಬಿಸಬೇಕು. ಸಾಲೇ ಇಲ್ಲದಿದ್ದರೆ ಮುಂದೆ ಮಾಡುವುದಕ್ಕೆ ಏನೂ ಇಲ್ಲ, ಲಾಗಾಫ್. ಎಕ್ಸ್‌ಪಿ ಕಾಲದಲ್ಲಿ ವೈರಸ್‌ಗಳು ಇದೇ ಸಾಲಿನಲ್ಲಿ ತಮ್ಮ ಹೆಸರು ತೂರಿಸಿಕೊಳ್ಳುತ್ತಿದ್ದವು. ಆಂಟಿವೈರಸ್ ಆ ಫೈಲನ್ನು ಅಳಿಸಿ ಸಾಲನ್ನು ಹಾಗೇ ಬಿಟ್ಟಾಗ ಎಷ್ಟೋ ಮೆಷಿನ್‌ಗಳು ಹೀಗೇ ಬಾಗಿಲಲ್ಲಿ ಸುತ್ತುತ್ತಿದ್ದವು. ವಿಡಿಯೋದವರು ಅಲ್ಲಿ ಇಣುಕಲು ಹೇಳುವುದಕ್ಕೂ ಅದೇ ಕಾರಣ ಇದ್ದೀತು.

ರೈಟರಿಗೆ ಹೇಳುತ್ತೇನೆ: ‘ಚೆಕ್‌ರೋಲಿನಲ್ಲಿ ಮೇಸ್ತ್ರಿ ಹೆಸರನ್ನೇ ಹೊಡೆದುಹಾಕಿದ್ರಿ ಅನ್ಕೊಳ್ಳಿ. ಆಳುಗಳೆಲ್ಲ ಬಂದು ನಿಂತಿದ್ದಾರೆ, ಕೆಲಸಕ್ಕೆ ಹಚ್ಚೋರಿಲ್ಲ.’

‘ಹಂಗಾದ್ರೆ ಫಾರ್ಮ್ಯಾಟಾ ಸಾರ್?’

ಈ ಮಾತು ಕೇಳಿದರೆ ನನ್ನ ಹೊಟ್ಟೆ ಚುರ್ ಎನ್ನುತ್ತದೆ. ಯಾವ ತೊಂದರೆಗೂ ಫಾರ್ಮ್ಯಾಟ್ ಒಂದೇ ಮದ್ದು ಎಂಬ ಅಭ್ಯಾಸ ನಮ್ಮ ಕಡೆ ಬೇರೂರಿದೆ. ಮರಗಸಿ ಮಾಡಿದವರು, ಬೋರ್ಡೋ ಹೊಡೆದವರು, ಚಿಗುರು ತೆಗೆದವರು, ಯಾರು ಎಷ್ಟು ದಿನ ಬಂದರು, ಯಾರಿಗೆ ಎಷ್ಟು ಮುಂಗಡ ಕೊಟ್ಟಾಗಿದೆ, ಎಲ್ಲವೂ ಈ ಡಿಸ್ಕಿನಲ್ಲಿದೆ. ಹೆಸರುಗಳೆಲ್ಲ ನುಡಿ ತಂತ್ರಾಂಶದಲ್ಲಿ ಟೈಪ್ ಆಗಿವೆ. ಫೈಲನ್ನು ಹೇಗೋ ಉಳಿಸಿಕೊಂಡರೂ, ಹಳೇ ನುಡಿ ಫಾಂಟ್ ಇಲ್ಲದ ಮೆಷಿನ್‌ನಲ್ಲಿ ತೆರೆದರೆ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಬಟವಾಡೆಯ ದಿನ ಆ ಹಾಳೆ ಹಿಡಿದು ಯಾರನ್ನು ಕರೆಯುವುದು?

ಮೊದಲು ಸುಲಭದ ದಾರಿ. ಎಫ್8 ಒತ್ತಿ ಸೇಫ್ ಮೋಡ್. ಅಲ್ಲಿಯೂ ಲಾಗಾಫ್, ಯಾಕೆಂದರೆ ಅದೂ ಅದೇ ಸಾಲನ್ನು ಓದುತ್ತದೆ. ‘ಲಾಸ್ಟ್ ನೋನ್ ಗುಡ್’ ಹಿಂದಕ್ಕೆ ತರುವುದು ರಿಜಿಸ್ಟ್ರಿಯ ಸಿಸ್ಟಮ್ ಭಾಗದ ಸೆಟ್ಟಿಂಗನ್ನು ಮಾತ್ರ. ನಮಗೆ ಬೇಕಾದದ್ದು ಸಾಫ್ಟ್‌ವೇರ್ ಭಾಗದಲ್ಲಿದೆ. ‘ರಿಪೇರ್ ಯುವರ್ ಕಂಪ್ಯೂಟರ್’ ಒಳಗೆ ಹೋಗಿ ಸಿಸ್ಟಮ್ ರಿಸ್ಟೋರ್ ನೋಡಿದರೆ ಪಟ್ಟಿ ಖಾಲಿ. ಜಾಗ ಉಳಿಸಲು ಯಾರೋ ಎಂದೋ ಅದನ್ನು ಆಫ್ ಮಾಡಿದ್ದಾರೆ.

ಉಳಿದದ್ದು ಕಮಾಂಡ್ ಪ್ರಾಂಪ್ಟ್. ಕಪ್ಪು ಪರದೆ. ಇಲ್ಲಿಂದ ಸ್ವಲ್ಪ ಹತ್ತಿರ ಬಂದು ನೋಡಿ. ಈಗ ಓಡುತ್ತಿರುವುದು ಮೆಮೊರಿಯಲ್ಲಿ ಬಿಚ್ಚಿಕೊಂಡ ಪುಟ್ಟ ವಿಂಡೋಸ್, ಅದರ ಡ್ರೈವ್ ಎಕ್ಸ್. ಡಿಸ್ಕಿನ ವಿಂಡೋಸ್ ಇಲ್ಲಿ ಸಿ ಅಲ್ಲ, ಡಿ ಎಂದು ಕಾಣುತ್ತಿದೆ. ಮುಂದಿರುವ ಚಿಕ್ಕ ಪಾರ್ಟಿಷನ್ ಸಿ ಅಕ್ಷರ ಹಿಡಿದುಕೊಂಡಿದೆ. ಡಿಐಆರ್ ಹೊಡೆದು ಖಾತ್ರಿ ಮಾಡಿಕೊಳ್ಳುತ್ತೇನೆ. ವಿಂಡೋಸ್, ಸಿಸ್ಟಮ್32, ಕಾನ್ಫಿಗ್. ಅಲ್ಲಿ ಸಾಫ್ಟ್‌ವೇರ್ ಎಂಬ ಫೈಲು, ಎಕ್ಸ್‌ಟೆನ್ಶನ್ ಇಲ್ಲ. ರಿಜಿಸ್ಟ್ರಿಯ ಆ ಭಾಗ ಪೂರ್ತಿ ಇದೊಂದರಲ್ಲೇ ಇದೆ. ಪಕ್ಕದ ರೆಗ್‌ಬ್ಯಾಕ್ ಫೋಲ್ಡರಿನಲ್ಲಿ ವಿಂಡೋಸ್ ತಾನೇ ಇಟ್ಟುಕೊಂಡ ಹಳೇ ನಕಲೂ ಇದೆ. ವಿಂಡೋಸ್ 10ರ 1803 ಆವೃತ್ತಿಯಿಂದ ಈ ನಕಲು ತಾನಾಗಿ ಬೀಳುವುದು ನಿಂತಿತು. ಹೊಸ ಮೆಷಿನ್ ಆಗಿದ್ದರೆ ಇಲ್ಲಿ ಸೊನ್ನೆ ಗಾತ್ರದ ಫೈಲು ಸಿಗುತ್ತಿತ್ತು. ಆ ನಕಲನ್ನೇ ಎತ್ತಿ ಹಾಕಬಹುದು, ಆದರೆ ಅದರ ತಾರೀಖಿನ ನಂತರ ಇನ್‌ಸ್ಟಾಲ್ ಮಾಡಿದ್ದರ ದಾಖಲೆ ಹೋಗುತ್ತದೆ. ಒಂದು ಸಾಲಿಗಾಗಿ ಇಡೀ ಪುಸ್ತಕ ಬದಲಿಸಲು ನನಗೆ ಮನಸ್ಸಿಲ್ಲ. ಈಗಿರುವ ಫೈಲಿನ ಪ್ರತಿ ತೆಗೆದಿಟ್ಟು, ರೆಜ್‌ಎಡಿಟ್ ಎಂದು ಹೊಡೆಯುತ್ತೇನೆ.

ಎಡವುವುದು ಇಲ್ಲೇ. ಈಗ ತೆರೆದದ್ದು ಆ ಪುಟ್ಟ ವಿಂಡೋಸಿನ ರಿಜಿಸ್ಟ್ರಿ. ಇದನ್ನು ಎಷ್ಟು ತಿದ್ದಿದರೂ ಮೆಷಿನ್ ಆಫ್ ಆದ ಕೂಡಲೇ ಮಾಯ. ಲೋಕಲ್ ಮೆಷಿನ್ ಮೇಲೆ ಕ್ಲಿಕ್ ಮಾಡಿ, ಫೈಲ್ ಮೆನುವಿನಲ್ಲಿ ‘ಲೋಡ್ ಹೈವ್’ ಕೊಟ್ಟು, ಡಿಸ್ಕಿನ ಸಾಫ್ಟ್‌ವೇರ್ ಫೈಲನ್ನು ತೋರಿಸಿ ಒಂದು ತಾತ್ಕಾಲಿಕ ಹೆಸರು ಇಡಬೇಕು. ಮೈಕ್ರೋಸಾಫ್ಟ್, ವಿಂಡೋಸ್ ಎನ್‌ಟಿ, ಕರೆಂಟ್ ವರ್ಷನ್, ವಿನ್‌ಲಾಗಾನ್. ಬಲಗಡೆ ಶೆಲ್ ಇದೆ. ಯೂಸರ್‌ಇನಿಟ್ ಇಲ್ಲ.

ಅಷ್ಟರಲ್ಲಿ ಕರೆಂಟ್ ಹೋಗುತ್ತದೆ. ಟ್ಯೂಬ್‌ಲೈಟ್ ಆರುತ್ತದೆ, ಯುಪಿಎಸ್ ಕುಂಯ್‌ಗುಟ್ಟುತ್ತದೆ. ‘ಅದು ಜಾಸ್ತಿ ಹೊತ್ತು ತಡೆಯಲ್ಲ ಸಾರ್’ ಎಂದು ರೈಟರು ಜನರೇಟರ್ ಶೆಡ್ಡಿಗೆ ಓಡುತ್ತಾರೆ. ಹೈವ್ ಇನ್ನೂ ತೆರೆದೇ ಇದೆ. ಪ್ರತಿ ತೆಗೆದಿಟ್ಟದ್ದು ಇಂಥ ಗಳಿಗೆಗೇ. ಹೊಸ ಸ್ಟ್ರಿಂಗ್, ಹೆಸರು ಯೂಸರ್‌ಇನಿಟ್. ಅದರೊಳಗೆ ಸಿ ಡ್ರೈವಿನಿಂದ ಶುರುವಾಗಿ ಸಿಸ್ಟಮ್32ರ ಯೂಸರ್‌ಇನಿಟ್ ಡಾಟ್ ಇಎಕ್ಸ್‌ಇವರೆಗೆ ಪೂರ್ತಿ ದಾರಿ, ಕೊನೆಗೆ ಒಂದು ಅಲ್ಪವಿರಾಮ. ಇಲ್ಲಿ ಡಿ ಎಂದು ಕಂಡರೂ ಬರೆಯಬೇಕಾದದ್ದು ಸಿ ಎಂದೇ. ಆ ವಿಂಡೋಸ್ ತಾನೇ ಎದ್ದಾಗ ತನ್ನ ಡ್ರೈವನ್ನು ಸಿ ಎಂದೇ ಕರೆಯುತ್ತದೆ. ಓಕೆ. ‘ಅನ್‌ಲೋಡ್ ಹೈವ್’. ಯೆಸ್.

ಜನರೇಟರ್ ಗುಡುಗಿ ಟ್ಯೂಬ್‌ಲೈಟ್ ಮಿಣುಕುತ್ತದೆ. ರೈಟರು ತೊಪ್ಪೆಯಾಗಿ ಬಂದು ನಿಲ್ಲುತ್ತಾರೆ.

2024ರ ಜುಲೈ 19ರಂದು ಭದ್ರತಾ ಸಾಫ್ಟ್‌ವೇರ್ ಕಂಪನಿ ಕ್ರೌಡ್‌ಸ್ಟ್ರೈಕಿನ ಒಂದು ತಪ್ಪು ಅಪ್‌ಡೇಟಿನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಮೆಷಿನ್‌ಗಳು ಬಿದ್ದಾಗ, ಬೆಂಗಳೂರಿನ ವಿಮಾನ ನಿಲ್ದಾಣದಲ್ಲೂ ಜನ ಸಾಲುಗಟ್ಟಿ ನಿಂತಿದ್ದರು. ಆಗಲೂ ಎಷ್ಟೋ ಕಡೆ ಯಾರಾದರೂ ಒಬ್ಬರು ಮೆಷಿನ್ ಮುಂದೆ ಕೂತು, ಇಂಥದೇ ರಿಕವರಿ ಪರದೆಗೆ ಹೋಗಿ, ಒಂದು ಫೈಲನ್ನು ಕೈಯಾರೆ ತೆಗೆಯಬೇಕಾಯಿತು. ಅಲ್ಲಿ ತೆಗೆಯುವ ಕೆಲಸ, ಇಲ್ಲಿ ಸೇರಿಸುವ ಕೆಲಸ.

ರೀಸ್ಟಾರ್ಟ್. ಪಾಸ್‌ವರ್ಡನ್ನು ರೈಟರೇ ಹೊಡೆಯಲಿ. ವೆಲ್‌ಕಮ್. ಮೂವರೂ ಪರದೆಯನ್ನೇ ನೋಡುತ್ತಿದ್ದೇವೆ. ಹೇಮಾವತಿಯ ವಾಲ್‌ಪೇಪರ್ ಬರುತ್ತದೆ, ಕೆಳಗೆ ಟಾಸ್ಕ್‌ಬಾರ್, ಒಂದೊಂದೇ ಐಕಾನು. ಚೆಕ್‌ರೋಲ್ ಶೀಟು ತೆರೆಯುತ್ತದೆ, ಹೆಸರುಗಳೆಲ್ಲ ಅಚ್ಚ ಕನ್ನಡದಲ್ಲಿ.

‘ಪ್ರಿಂಟ್ ಕೊಡ್ಲಾ ಸಾರ್?’

‘ತಡೀರಿ ರೈಟ್ರೇ, ಮೊದ್ಲು ಪೆನ್‌ಡ್ರೈವ್ ಕೊಡಿ.’

ಚೆಕ್‌ರೋಲ್ ಫೋಲ್ಡರು, ನುಡಿ ಫಾಂಟುಗಳು, ರಿಜಿಸ್ಟ್ರಿಯ ಎಕ್ಸ್‌ಪೋರ್ಟು, ಮೂರನ್ನೂ ಅದಕ್ಕೆ ಹಾಕುತ್ತೇನೆ. ಸಿಸ್ಟಮ್ ರಿಸ್ಟೋರ್ ಆನ್ ಮಾಡಿ ಒಂದು ರಿಸ್ಟೋರ್ ಪಾಯಿಂಟ್ ಇಡುತ್ತೇನೆ. ಆಮೇಲೆ ಪ್ರಿಂಟರ್ ಶುರುವಾಗುತ್ತದೆ. ರೈಟರು ಮೊದಲ ಹಾಳೆಯನ್ನು ಎಳೆದುಕೊಂಡು, ಹೆಸರಿನ ಮೇಲೆ ಬೆರಳಿಟ್ಟು ದಿನಗಳ ಲೆಕ್ಕ ತಾಳೆ ನೋಡತೊಡಗಿದ್ದಾರೆ.