ಸಮುದ್ರ ಇಲ್ಲದ ಊರಿನ ಉಪ್ಪು

ನಾವು ಮೂರು ಮಂದಿ. ಒಬ್ಬ ಆಳಂದ, ಒಬ್ಬಳು ಅಫಜಲಪುರ, ಇನ್ನೊಬ್ಬ ಜೇವರ್ಗಿ. ಬಯೋಟೆಕ್ ಸೆಕೆಂಡ್ ಇಯರ್. ಮಿನಿ ಪ್ರಾಜೆಕ್ಟ್‌ಗೆ ಟಾಪಿಕ್ ಹುಡುಕುವಾಗ ಓದಿದ ಪೇಪರ್‌ಗಳೆಲ್ಲ ಸಮುದ್ರದವೇ. ಒಳ್ಳೆ ಕಿಣ್ವ (ನಮ್ಮ ಬಾಯಲ್ಲಿ ಎನ್‌ಜೈಮ್) ಮಾಡೋ ಬ್ಯಾಕ್ಟೀರಿಯಾ ಬೇಕಂದ್ರೆ ಕರಾವಳಿಯ ಕೆಸರು, ಉಪ್ಪಿನ ಗದ್ದೆ. ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಉಪ್ಪಿನ ಗದ್ದೆ ಇವೆ, ಆದರೆ ಅಲ್ಲಿಗೆ ಹೋಗಿ ಬರೋ ಖರ್ಚು ಕೇಳಿದ್ರೆ ಮನೆಯಲ್ಲಿ ಏನಂತಾರೆ ಅಂತ ಮೂವರಿಗೂ ಗೊತ್ತಿತ್ತು. ಸಮುದ್ರ ನೋಡಿದವಳೇ ನಮ್ಮಲ್ಲಿ ಒಬ್ಬಳು, ಅದೂ ಸ್ಕೂಲ್ ಟ್ರಿಪ್‌ನಲ್ಲಿ.

ಸಮುದ್ರವೇ ಯಾಕೆ? ಉಪ್ಪಿಗಾಗಿ. ಸಮುದ್ರದ ನೀರಲ್ಲಿ ಸುಮಾರು 3.5% ಉಪ್ಪು. ಉಪ್ಪು ಜಾಸ್ತಿಯಾದ್ರೆ ಸಾಮಾನ್ಯ ಕಿಣ್ವಗಳು ಕೆಲಸ ನಿಲ್ಲಿಸ್ತವೆ. ಅಲ್ಲೇ ಬದುಕೋ ಬ್ಯಾಕ್ಟೀರಿಯಾದ ಕಿಣ್ವಗಳು ಮೈಮೇಲೆ ನೆಗೆಟಿವ್ ಚಾರ್ಜ್ ಹೆಚ್ಚು ಇಟ್ಕೊಂಡು ನೀರನ್ನ ಹಿಡಿದಿಟ್ಟು ಕೆಲಸ ಮುಂದುವರಿಸ್ತವೆ.

ಆಗ ಜೇವರ್ಗಿಯವನು ಮೆಲ್ಲಗೆ ಅಂದ, "ಉಪ್ಪೇ ಬೇಕಂದ್ರ ನಮ್ಮ ಹೊಲದಾಗ ಅದ ಅಲಾ. ಸವಳು."

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ಇನ್ನಿಬ್ಬರಿಗೆ 'ಸಲೈನ್ ಸಾಯಿಲ್' ಗೊತ್ತಿತ್ತು, ಸವಳು ಅಂದ್ರೆ ಅದೇ ಅಂತ ಗೊತ್ತಿರಲಿಲ್ಲ. ಕಾಲುವೆ ನೀರು ಬಂತು, ಎರಿ ಮಣ್ಣಲ್ಲಿ ನೀರು ಬಸಿದು ಹೋಗಲ್ಲ, ಕೆಳಗಿನ ನೀರು ಮೇಲಕ್ಕೆ ಬರ್ತದೆ, ಬಿಸಿಲಿಗೆ ಆರಿ ಉಪ್ಪನ್ನ ಮಾತ್ರ ಬಿಟ್ಟು ಹೋಗ್ತದೆ. ಅವರ ಎರಡು ಎಕರೆ ಹಂಗೇ ಬೆಳ್ಳಗೆ ಬಿದ್ದಿದೆ. ಅವನ ಫೀಸ್ ತೊಗರಿಯಿಂದಲೇ ಬರ್ತಿತ್ತು. ಇದನ್ನ ಅವನು ಒಂದೂವರೆ ವರ್ಷ ನಮಗೆ ಹೇಳಿರಲಿಲ್ಲ.

ಭಾನುವಾರ ಹೋದ್ವಿ. ಅವನ ಮುತ್ಯಾ ತಾವೇ ಸಲಿಕೆ ತಗೊಂಡು ಡಬ್ಬಿ ತುಂಬಿಕೊಟ್ರು. "ಈ ಹುಳ ನಮ್ಮ ಸವಳು ತಿಂದು ಹಾಕ್ತಾವೇನು?" ಅಂತ ಕೇಳಿದ್ರು. "ನೋಡ್ತೀವಿ ಮುತ್ಯಾ" ಅಂದ್ವಿ. ತಿನ್ನಲ್ಲ ಅಂತ ಮೂವರಿಗೂ ಗೊತ್ತಿತ್ತು.

ಲ್ಯಾಬಲ್ಲಿ ಮಣ್ಣನ್ನ ನೀರಲ್ಲಿ ತೆಳು ಮಾಡ್ತಾ ಹೋಗಿ, 5% ಉಪ್ಪು ಹಾಕಿದ ಸ್ಟಾರ್ಚ್ ಅಗರ್ ಮೇಲೆ ಸವರಿದ್ವಿ. ಎರಡು ದಿನಕ್ಕೆ ಹನ್ನೊಂದು ಕಾಲೊನಿ! ಅಯೋಡಿನ್ ಸುರಿದ್ರೆ ಪಿಷ್ಟ ಇರೋ ಕಡೆ ಕಪ್ಪು-ನೀಲಿ. ಬ್ಯಾಕ್ಟೀರಿಯಾ ಅಮೈಲೇಸ್ ಬಿಟ್ಟು ಪಿಷ್ಟ ಕರಗಿಸಿದ ಕಡೆ ತಿಳಿ ಉಂಗುರ. ನಾಲ್ಕಕ್ಕೆ ಉಂಗುರ ಬಂತು. ಕುಣಿದಾಡಿದ್ವಿ, ಫೋಟೋ ತೆಗೆದ್ವಿ, ಸ್ಟೇಟಸ್ ಹಾಕಿದ್ವಿ. ಬಟ್ಟೆ ಮಿಲ್‌ನಲ್ಲಿ ಗಂಜಿ ತೆಗೆಯೋಕೆ ಇದೇ ಕಿಣ್ವ ಬಳಸ್ತಾರೆ ಅಂತ ಕ್ಯಾಪ್ಷನ್ ಬೇರೆ.

ಮರುದಿನ ಆ ನಾಲ್ಕನ್ನ ಹೊಸ ಪ್ಲೇಟ್‌ಗೆ ಹಾಕಿದ್ರೆ ಏನೂ ಬೆಳೀಲಿಲ್ಲ. ಗಾಯಕ್ಕೆ ಹಚ್ಚೋ ಅಯೋಡಿನ್ ಬ್ಯಾಕ್ಟೀರಿಯಾನ ಕೊಲ್ಲುತ್ತೆ ಅಂತ ಎಂಟನೇ ಕ್ಲಾಸ್‌ನವರಿಗೂ ಗೊತ್ತು. ಮೊದಲು ಕಾಪಿ ಪ್ಲೇಟ್ ಮಾಡ್ಕೋಬೇಕಿತ್ತು. ಇದ್ದ ಒಂದೇ ಪ್ಲೇಟ್ ಮೇಲೆ ಸುರಿದಿದ್ವಿ. ಮಣ್ಣಿನ ಡಬ್ಬಿನೂ ತೊಳೆದಿಟ್ಟಿದ್ವಿ!

ಮತ್ತೆ ಜೇವರ್ಗಿ ಬಸ್. ಈ ಸಲ ಮುತ್ಯಾನ ಮುಂದೆ ಕೂತು ಖರೇನೇ ಹೇಳಿದ್ವಿ: ಇವು ಉಪ್ಪು ತಿನ್ನಂಗಿಲ್ಲ, ಉಪ್ಪಿನಾಗ ಬದುಕ್ತಾವ ಅಷ್ಟೇ. ಹೊಲಕ್ಕೆ ಬೇಕಿರೋದು ಬಸಿಗಾಲುವೆ, ಅದು ನಮ್ಮ ಪ್ರಾಜೆಕ್ಟ್ ಅಲ್ಲ.

ಮುತ್ಯಾ ಸ್ವಲ್ಪ ಹೊತ್ತು ಸುಮ್ಮನಿದ್ರು. "ಹಂಗಾದ್ರ ನಮ್ಮಂಗೇ ಅನ್ನು" ಅಂತ ಎದ್ದು ಸಲಿಕೆ ತಗೊಂಡ್ರು. ನಾವು ಎರಡು ಡಬ್ಬಿ ಚಾಚಿದ್ವಿ. ಒಂದು ಫ್ರಿಜ್‌ನಲ್ಲಿಡೋಕೆ.