ಕಂಡು ಕೂಗುವವರು

ಇಂಗ್ಲಿಷಿನಲ್ಲಿ ‘ಡಿಸ್‌ಕ್ರೈ’ ಎಂಬ ಕ್ರಿಯಾಪದವೊಂದಿದೆ. ಹಳೆಯ ಕಾವ್ಯವನ್ನೋ ಕಡಲಯಾನದ ಕಥೆಗಳನ್ನೋ ಓದುವವರಿಗೆ ಬಿಟ್ಟರೆ ಈಗ ಅದರ ಪರಿಚಯ ಕಡಿಮೆ. ದೂರದಲ್ಲಿ ಮಸುಕುಮಸುಕಾಗಿರುವುದನ್ನು ಕಣ್ಣು ಕಿರಿದು ಮಾಡಿ ನೋಡಿ ಗುರುತು ಹಿಡಿಯುವುದು ಅದರ ಅರ್ಥ. ನನಗೆ ಇಷ್ಟವಾದದ್ದು ಅದರ ಹುಟ್ಟು. ಹಳೆಯ ಫ್ರೆಂಚಿನ ‘ದೆಸ್‌ಕ್ರಿಯೆರ್’ ಎಂದರೆ ಕೂಗಿ ಹೇಳು, ಸಾರು ಎಂದು. ಅದು ಮಧ್ಯಯುಗದಲ್ಲಿ ಇಂಗ್ಲಿಷಿಗೆ ಬಂತು. ಹಗೆಯ ದಂಡು ಕಂಡೊಡನೆ ಊರನ್ನು ಎಚ್ಚರಿಸುವ ಕಾವಲಿನವನ ಕೆಲಸಕ್ಕೆ ಹೊಂದಿಕೊಂಡಿತು. ಬರಬರುತ್ತ ಕೂಗು ಉದುರಿಹೋಗಿ ನೋಟವಷ್ಟೇ ಉಳಿಯಿತು. ಅದೇ ಬೇರಿನಿಂದ ಬಂದ ‘ಡಿಕ್ರೈ’ಗೆ ಕೂಗು ಸಿಕ್ಕಿತು, ಆದರೆ ಕೆಟ್ಟದ್ದೆಂದು ಎಲ್ಲರೆದುರು ಖಂಡಿಸುವ ಕೂಗು.

ಉದುರಿಹೋದ ಆ ಕೂಗನ್ನು ಬೆಂಗಳೂರಿನ ಬಸವನಗುಡಿ ಒಂದು ಬಂಡೆಯ ಹೆಸರಿನಲ್ಲಿ ಇಟ್ಟುಕೊಂಡಿದೆ. ಕಾವಲಿನವರು ಮೇಲೆ ನಿಂತು ಕಹಳೆ ಊದುತ್ತಿದ್ದರಂತೆ, ಅದಕ್ಕೇ ಅದು ಕಹಳೆ ಬಂಡೆ, ಬ್ಯೂಗಲ್ ರಾಕ್. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲದು. ಅದರ ಮೇಲೆ ಮನುಷ್ಯ ನಿಂತು ದಿಗಂತ ನೋಡಿದ್ದು ನಿನ್ನೆ ಮೊನ್ನೆಯ ಮಾತು. ಕೆಂಪೇಗೌಡರ ಮನೆತನದ ಹೆಸರಿನಲ್ಲಿರುವ ನಾಲ್ಕು ಗೋಪುರಗಳು ಲಾಲ್‌ಬಾಗ್, ಕೆಂಪಾಂಬುಧಿ ಕೆರೆ, ಹಲಸೂರು, ಮೇಖ್ರಿ ವೃತ್ತಗಳಲ್ಲಿ ಇನ್ನೂ ಇವೆ. ಎಷ್ಟು ಪುಟ್ಟವು ಅವು! ಊರಿನ ನಿದ್ದೆಯನ್ನೆಲ್ಲ ಅಷ್ಟು ಸಣ್ಣ ಮಂಟಪಗಳು ಹೊತ್ತಿದ್ದವು ಎಂದರೆ ನನಗೆ ಅವುಗಳ ಮೇಲೆ ಗೌರವ ಹೆಚ್ಚುತ್ತದೆ.

ಈಗ ಕಹಳೆ ಬಂಡೆಯಿಂದ ದಿಗಂತ ಕಾಣುವುದಿಲ್ಲ, ಮರ ಮತ್ತು ಮಹಡಿಗಳು ಅಡ್ಡ. ಆದರೂ ಸಂಜೆ ಅಲ್ಲಿ ಕೂರಬೇಕು. ಮರಗಳ ತುಂಬ ಬಾವಲಿಗಳು ತಲೆಕೆಳಗಾಗಿ ಜೋತುಬಿದ್ದಿರುತ್ತವೆ. ಕತ್ತಲು ಇಳಿಯುವಾಗ ಒಂದು ರೆಕ್ಕೆ ಬಿಚ್ಚುತ್ತದೆ, ತೊಗಲಿನ ಮೂಲಕ ಬೆಳಕು ಕಂದಾಗಿ ಹಾಯುತ್ತದೆ. ಅದನ್ನು ಮೊದಲು ಕಾಣುವುದು ಯಾವಾಗಲೂ ಮಕ್ಕಳೇ. “ಅಪ್ಪಾ, ನೋಡಲ್ಲಿ, ಹೊರಟ್ವು!” ಎಂಬ ಕೂಗೆದ್ದ ಮೇಲೆ ನಾವು ದೊಡ್ಡವರು ಕತ್ತೆತ್ತುತ್ತೇವೆ. ಕಂಡದ್ದನ್ನು ಪಕ್ಕದವರಿಗೆ ಹೇಳುವತನಕ ಮಗುವಿಗೆ ಕಂಡ ಹಾಗಾಗುವುದಿಲ್ಲ. ನನಗೂ ಅಷ್ಟೇ.

ರಂಜಾನ್ ಮುಗಿಯುವ ಹೊತ್ತಿಗೆ ಚಾಮರಾಜಪೇಟೆಯ ಮಹಡಿಗಳ ಮೇಲೂ ಇದೇ ನಡೆಯುತ್ತದೆ. ಪಡುವಣದಲ್ಲಿ ಎಳೆಯಷ್ಟು ಸಣ್ಣ ಚಂದ್ರ, ಕಂಡ ಸ್ವಲ್ಪ ಹೊತ್ತಿಗೇ ಮುಳುಗುವಂಥದ್ದು. ಒಬ್ಬರ ಬೆರಳ ತುದಿಯ ನೇರಕ್ಕೆ ಹತ್ತು ಜನರ ಕಣ್ಣು. ಕಂಡವರು ಬಂದು ಸಾಕ್ಷಿ ನುಡಿಯಬೇಕು, ಆಮೇಲೆಯೇ ನಾಳೆ ಹಬ್ಬ ಎಂದು ಸಾರುವುದು. ನೋಟಕ್ಕೆ ನುಡಿಯ ಜೊತೆ ಬೇಕೆಂಬ ಈ ಕಟ್ಟಳೆ ನನಗೆ ಬಹಳ ಹಿಡಿಸುತ್ತದೆ.

ಮದುವೆಯ ಛತ್ರಗಳಲ್ಲಂತೂ ಈ ಕೆಲಸಕ್ಕೆ ಒಬ್ಬ ಹುಡುಗ ಇದ್ದೇ ಇರುತ್ತಾನೆ. ಗಂಡಿನ ಕಡೆಯವರನ್ನು ಎದುರುಗೊಳ್ಳುವ ಸಂಜೆ ಅವನನ್ನು ಗೇಟಿನ ಹತ್ತಿರ ನಿಲ್ಲಿಸುತ್ತಾರೆ. ಹೊಸ ಪಂಚೆ ಸೊಂಟದಲ್ಲಿ ನಿಲ್ಲದು. ಒಂದು ಕೈ ಅಲ್ಲಿ, ಕಣ್ಣು ರಸ್ತೆಯ ತಿರುವಿನಲ್ಲಿ. ಕಾರುಗಳ ಸಾಲಿನಲ್ಲಿ ಹೂವು ಸುತ್ತಿದ್ದೊಂದು ಕಂಡಿತೋ, “ಅತ್ತೇ, ಬಂದ್ರು! ಬಂದ್ರು!” ಎಂದು ಒಳಗೋಡುತ್ತಾನೆ. ಆರತಿ ತಟ್ಟೆಯ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದು ಕೆಂಪೇರುತ್ತದೆ, ವಾಲಗ ಶುರುವಾಗುತ್ತದೆ, ಸೆರಗು ಸರಿಮಾಡಿಕೊಳ್ಳುತ್ತ ಹೆಂಗಸರು ಬಾಗಿಲಿಗೆ ಬರುತ್ತಾರೆ. ತಿರುವಿನಲ್ಲಿದ್ದೇವೆಂದು ಡ್ರೈವರ್ ಆಗಲೇ ಫೋನ್ ಮಾಡಿ ಹೇಳಿರುತ್ತಾನೆ. ಆದರೂ ವಾಲಗದವರು ಕಾಯುವುದು ಆ ಹುಡುಗನ ಕೂಗಿಗೇ. ಮುಂದಿನ ಸಡಗರದಲ್ಲಿ ಯಾರಿಗೂ ಅವನ ನೆನಪಿರುವುದಿಲ್ಲ. ಅವನಿಗೆ ಮೊದಲ ಪಂಕ್ತಿಯಲ್ಲೇ ಎಲೆ ಹಾಕಬೇಕೆಂದು ನಾನು ಹೋದ ಮದುವೆಗಳಲ್ಲೆಲ್ಲ ಬಡಿಸುವವರಿಗೆ ಹೇಳುತ್ತಿರುತ್ತೇನೆ.