ಎರಡು ಸೀಸೆ

ಡಿಸೆಂಬರ್ 5, ನಸುಕು
ಹುಣ್ಣಿಮೆಯ ಇಳಿತ. ಕಾರವಾರದ ಬಂಡೆಗಳ ಬುಡದವರೆಗೂ ನೀರು ಸರಿದಿತ್ತು. ಸರ್ಗಾಸಮ್ ಎಂಬ ಕಂದು ಕಡಲಪಾಚಿ ಕುಯ್ದೆ. ಬುಡ ಬಂಡೆಯಲ್ಲೇ ಬಿಟ್ಟೆ, ಮತ್ತೆ ಚಿಗುರಲಿ. ಎಷ್ಟು ಬಾಗಿಸಿದರೂ ದಂಟು ಮುರಿಯುವುದಿಲ್ಲ. ಕೋಶಗೋಡೆಯ ಆಲ್ಜಿನೇಟ್‌ನ ಗುಣ ಅದು.

ಡಿಸೆಂಬರ್ 11
ಒಣಗಿಸಿ, ಪುಡಿ ಮಾಡಿ, ಆಲ್ಕೋಹಾಲ್‌ನಲ್ಲಿ ಬಣ್ಣ ತೆಗೆದದ್ದಾಯಿತು. ಎರಡು ಪಾಲು. ಒಂದಕ್ಕೆ ಬಿಸಿ ಕ್ಯಾಲ್ಸಿಯಂ ಕ್ಲೋರೈಡ್, ಇನ್ನೊಂದಕ್ಕೆ ತೆಳು ಆಮ್ಲ. ಎರಡರಲ್ಲೂ ಆಲ್ಜಿನೇಟ್ ಗಷ್ಟಿನಲ್ಲೇ ಉಳಿಯುತ್ತದೆ, ನನಗೆ ಬೇಕಾದ ಫ್ಯುಕೋಯ್ಡನ್, ಸಲ್ಫೇಟ್ ಹೊತ್ತ ಸಕ್ಕರೆ ಸರಪಳಿ, ನೀರಿಗಿಳಿಯುತ್ತದೆ.
"ಆಮ್ಲದಲ್ಲಿ ಜಾಸ್ತಿ ಹೊತ್ತು ಬೇಡ, ಸರಪಳಿ ತುಂಡಾಗ್ತದೆ, ಸಲ್ಫೇಟೂ ಉದುರ್ತದೆ" ಎಂದರು ಗೈಡ್ ಮೇಡಂ.

ರಾತ್ರಿ
ಗಷ್ಟನ್ನು ಸೋಡಿಯಂ ಕಾರ್ಬೊನೇಟ್‌ನಲ್ಲಿ ಕಲಸಿದೆ. ಲೋಳೆ. 1881ರಲ್ಲಿ ಸ್ಕಾಟ್ಲೆಂಡಿನಲ್ಲಿ ಸ್ಟ್ಯಾನ್‌ಫರ್ಡ್ ಕಂಡದ್ದೂ ಇದನ್ನೇ. ಕ್ಯಾಲ್ಸಿಯಂ ದ್ರಾವಣಕ್ಕೆ ಹನಿಸಿದರೆ ತಕ್ಷಣ ಗಟ್ಟಿ ಮಣಿ. ಆಲ್ಜಿನೇಟ್ ಸರಪಳಿಯಲ್ಲಿ ಇರುವುದು ಎರಡೇ ಆಮ್ಲ, ಮ್ಯಾನ್ಯುರಾನಿಕ್ ಮತ್ತು ಗುಲುರಾನಿಕ್. ಗುಲುರಾನಿಕ್ ಸಾಲಾಗಿ ಬಂದ ಕಡೆ ಕ್ಯಾಲ್ಸಿಯಂ ಸಿಕ್ಕಿಕೊಳ್ಳುತ್ತದೆ. ಎಷ್ಟಿವೆ ಎಂಬುದಷ್ಟೇ ಅಲ್ಲ, ಯಾವುದರ ಪಕ್ಕ ಯಾವುದು ಎಂಬುದೂ ಲೆಕ್ಕಕ್ಕೆ ಬರುತ್ತದೆ. ನಿದ್ದೆ ಬರಲಿಲ್ಲ, ಖುಷಿಗೆ.

ಡಿಸೆಂಬರ್ 16
ಫ್ಯುಕೋಯ್ಡನ್ ಇಳಿದ ನೀರಿನ ಎರಡು ಸೀಸೆಗೂ ಫೀನಾಲ್, ಗಂಧಕಾಮ್ಲ. ಕಿತ್ತಳೆ ಬಣ್ಣ. ಸಕ್ಕರೆ ಇದೆ.
ಆಮೇಲೆ ಬೇರಿಯಂ ಹಾಕಿ ಸಲ್ಫೇಟ್ ನೋಡಿದೆ. ಎರಡು ಸೀಸೆ ಒಂದೇ ತರಹ ಕದಡಲಿಲ್ಲ. ಆಮ್ಲದ್ದರಲ್ಲಿ ಕಡಿಮೆ.
ಹಾಗಾದರೆ ಸರ್ಗಾಸಮ್ ಒಳಗಿದ್ದದ್ದು ಯಾವುದು?

ಡಿಸೆಂಬರ್ 18
ಫ್ಯುಕೋಯ್ಡನ್‌ನಲ್ಲಿ ಇರುವ ಸಕ್ಕರೆ ಫ್ಯೂಕೋಸ್ ಒಂದೇ ಅಲ್ಲ. ಗ್ಯಾಲಕ್ಟೋಸ್, ಮ್ಯಾನೋಸ್, ಸ್ವಲ್ಪ ಕ್ಸೈಲೋಸ್, ಗ್ಲುಕ್ಯುರಾನಿಕ್ ಆಮ್ಲ. 1913ರಲ್ಲಿ ಸ್ವೀಡನ್ನಿನ ಕಿಲಿನ್ ಬೇರ್ಪಡಿಸಿದಂದಿನಿಂದ ಇದು ಒಂದೇ ವಸ್ತು ಎಂಬಂತೆ ಮಾತಾಡುತ್ತೇವೆ. ಇದೊಂದು ಕುಟುಂಬ. ಜಾತಿ ಬದಲಾದರೆ, ತಿಂಗಳು ಬದಲಾದರೆ, ತೆಗೆಯುವ ಕ್ರಮ ಬದಲಾದರೆ, ಇದೂ ಬದಲು.

ಡಿಸೆಂಬರ್ 19, ರಾತ್ರಿ
ಚಿಕ್ಕಪ್ಪನ ಫೋನು. "ಅದೇನೋ ಫ್ಯುಕೋಯ್ಡನ್ ಮಾತ್ರೆ ಅಂತೆ. ನಿನ್ನ ಚಿಕ್ಕಮ್ಮಂಗೆ ಕೀಮೋ ನಡುವೆ ಕೊಡಬಹುದಾ ತಂಗೀ?"
ಡಬ್ಬದ ಮೇಲೆ ಏನಿದೆ ಓದಿ ಎಂದೆ. ಹೆಸರು, ಮಿಲಿಗ್ರಾಂ. ಯಾವ ಪಾಚಿ, ಸಲ್ಫೇಟ್ ಎಷ್ಟು, ಏನೂ ಇಲ್ಲ. ಹೆಪಾರಿನ್ ಹಾಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಣ ಇದಕ್ಕಿದೆ, ಡಾಕ್ಟರನ್ನು ಕೇಳದೆ ಕೊಡಬೇಡಿ ಎಂದೆ.
"ನೀನು ಅದನ್ನೇ ಓದ್ತಿದ್ದೀಯಲ್ಲ..."
ಓದುತ್ತಿರುವುದಕ್ಕೇ ಹೇಳಿದೆ. ಆದರೂ ಅವರ ದನಿ ಕುಗ್ಗಿದ್ದು ಕಿವಿಯಲ್ಲೇ ಇದೆ.

ಡಿಸೆಂಬರ್ 20
ಕೆಲಸ ಸಾಗಲಿಲ್ಲ.

ಡಿಸೆಂಬರ್ 23
ಪ್ರಬಂಧದ ಕೋಷ್ಟಕದಲ್ಲಿ ಬರೀ ಫ್ಯುಕೋಯ್ಡನ್ ಎಂದಿದ್ದ ಕಡೆಯೆಲ್ಲ ಜಾತಿ, ಊರು, ತಿಂಗಳು, ದ್ರಾವಣ, ಎಷ್ಟು ಡಿಗ್ರಿ, ಎಷ್ಟು ಹೊತ್ತು, ಎಲ್ಲ ಸೇರಿಸಿದೆ. ಪುಟದಲ್ಲಿ ಹಿಡಿಸುವುದಿಲ್ಲ ಎಂದರು ಮೇಡಂ. ಪುಟ ಅಡ್ಡ ಮಾಡುತ್ತೇನೆ ಎಂದೆ.
ಚಿಕ್ಕಪ್ಪ ಮತ್ತೆ ಫೋನ್ ಮಾಡಿಲ್ಲ. ಡಾಕ್ಟರನ್ನು ಕೇಳಿದರೋ, ಕೊಟ್ಟೇಬಿಟ್ಟರೋ. ನಾಳೆ ನಾನೇ ಮಾಡಬೇಕು.